ಸತ್ಯಾಣುವ್ರತವೂ ಶ್ರುತಾಕ್ಷರಗಳ ಸಂಖ್ಯೆಯೂ

ಜ್ಯೇಷ್ಠ ಶುಕ್ಲ ಪಂಚಮಿಯಂದು, ಶ್ರುತಪಂಚಮಿಯ ನಿಮಿತ್ತ, ಬಸದಿಗಳಲ್ಲಿ ಶಾಸ್ತ್ರಗ್ರಂಥಗಳನ್ನು ಪೀಠದ ಮೇಲಿರಿಸಿ ಪೂಜಿಸುವುದು ಸಂಪ್ರದಾಯ. ಅಂದು ಉಪವಾಸ ಮಾಡುವವರೂ ಏಕಾಶನದಲ್ಲಿರುವವರೂ ಉಂಟು. ಶ್ರುತಭಕ್ತಿಯನ್ನು ಪಠಿಸುವಾಗ ಅದರಲ್ಲಿ ಒಂದು ಸಂಖ್ಯೆ ಬರುತ್ತದೆ. ದ್ವಾದಶಾಂಗ ಶ್ರುತದ ಪದಗಳು ನೂರ ಹನ್ನೆರಡು ಕೋಟಿ ಎಂಬತ್ತಮೂರು ಲಕ್ಷ ಐವತ್ತೆಂಟು ಸಾವಿರದ ಐದು ಎಂಬುದೇ ಆ ಸಂಖ್ಯೆ. ಕೇಳಿದವರು ಕೈಮುಗಿಯುತ್ತಾರೆ, ಪಠಣ ಮುಂದುವರಿಯುತ್ತದೆ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳ ಬಯಲುಸೀಮೆಯಲ್ಲಿ ಶ್ರಾವಕರ ಮನೆಗಳು ಹೆಚ್ಚಿಲ್ಲ. ಮಧುಗಿರಿಯಲ್ಲಿ ಮಲ್ಲಿನಾಥ ಬಸದಿಯಿದೆ. ಪಾವಗಡ ತಾಲ್ಲೂಕಿನ ನಿಡುಗಲ್ಲು ಬೆಟ್ಟದಲ್ಲಿ ಪಾರ್ಶ್ವನಾಥ ಬಸದಿಯೊಂದು ನಿರ್ಮಾಣವಾದುದನ್ನು ಕ್ರಿ.ಶ. 1232ರ ಶಾಸನ ತಿಳಿಸುತ್ತದೆ. ದಾನಶಾಸನಗಳನ್ನು ಓದಿದವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು: ಅವುಗಳಲ್ಲಿ ರಾಜನ ಬಿರುದುಗಳನ್ನು ಎಷ್ಟು ಬೇಕಾದರೂ ಹಿಗ್ಗಿಸಿ ಹೇಳಿರಬಹುದು, ಆದರೆ ಗದ್ದೆ ಎಷ್ಟು, ಬೆದ್ದಲು ಎಷ್ಟು, ದೀಪಕ್ಕೆ ಎಣ್ಣೆ ಎಷ್ಟು ಎಂಬಲ್ಲಿ ಹಿಗ್ಗಿಸುವುದಿಲ್ಲ. ಅಲ್ಲಿ ಅಳತೆ ಅಳತೆಯೇ. ಈ ಸೀಮೆಯ ವ್ಯಾಪಾರಸ್ಥ ಶ್ರಾವಕನೂ ಅಂಥವನೇ. ಕಡಲೆಕಾಯಿ ಮೂಟೆಯನ್ನು ತೂಗುವಾಗ ಅರ್ಧ ಕಿಲೋವನ್ನು ಬಿಡದೆ ಬರೆಯುವ ಅವನು ಶ್ರುತಭಕ್ತಿಯ ಸಂಖ್ಯೆಯನ್ನು ಮಾತ್ರ ಬಿರುದಾವಳಿಯಂತೆ ಕೇಳಿಕೊಂಡು ಬರುತ್ತಾನೆ.

ಆದರೆ ಆ ಸಂಖ್ಯೆಯ ಕೊನೆಯಲ್ಲಿ ‘ಐದು’ ಏಕಿದೆ? ಸ್ತುತಿಯಷ್ಟೇ ಉದ್ದೇಶವಾಗಿದ್ದರೆ ನೂರ ಹನ್ನೆರಡು ಕೋಟಿ ಸಾಕಾಗಿತ್ತು. ಅತಿಶಯೋಕ್ತಿ ಮಾಡುವವನು ಸೊನ್ನೆಗಳನ್ನು ಪ್ರೀತಿಸುತ್ತಾನೆ; ಐದು ಎಂಬ ಚಿಲ್ಲರೆ ಅವನಿಗೆ ಬೇಡ. ಚಿಲ್ಲರೆ ಇದೆಯೆಂದರೆ ಲೆಕ್ಕವಿದೆ ಎಂದು ಅರ್ಥ. ಲೆಕ್ಕವಿದ್ದಲ್ಲಿ ಸತ್ಯಾಸತ್ಯದ ಪ್ರಶ್ನೆಯೂ ಹುಟ್ಟುತ್ತದೆ. ಯಾರೂ ಒಂದೊಂದಾಗಿ ಎಣಿಸದ, ಎಣಿಸಲಾಗದ ಸಂಖ್ಯೆಯನ್ನು ಕೊನೆಯ ಬಿಡಿಯವರೆಗೆ ಉಚ್ಚರಿಸುವವನು ಸತ್ಯವನ್ನು ನುಡಿಯುತ್ತಿದ್ದಾನೆಯೆ? ಸತ್ಯಾಣುವ್ರತವನ್ನು ಸ್ವೀಕರಿಸಿದ ಶ್ರಾವಕನಿಗೆ ಈ ಪ್ರಶ್ನೆ ಕೇವಲ ಕುತೂಹಲದ್ದಲ್ಲ.

ಈ ಐದರ ಮೂಲ ಮತ್ತೊಂದು ಸಂಖ್ಯೆಯಲ್ಲಿದೆ. ಅದು ಸಮಸ್ತ ಶ್ರುತಜ್ಞಾನದ ಅಕ್ಷರಗಳ ಸಂಖ್ಯೆ: 1,84,46,74,40,73,70,95,51,615. ಒಟ್ಟು ಇಪ್ಪತ್ತು ಅಂಕಗಳು. ಕ್ರಿ.ಶ. ಹತ್ತನೆಯ ಶತಮಾನದಲ್ಲಿ, ಶ್ರವಣಬೆಳಗೊಳದ ಗೊಮ್ಮಟಮೂರ್ತಿಯನ್ನು ಮಾಡಿಸಿದ ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರದ ಜೀವಕಾಂಡದಲ್ಲಿ ಇದನ್ನು ಹೇಳಿದ್ದಾರೆ. ಅದಕ್ಕೂ ಹಿಂದಿನ ಆಗಮ ಪರಂಪರೆಯನ್ನು ಅನುಸರಿಸಿಯೇ ಅವರು ಬರೆದರು. ಆ ಗ್ರಂಥಕ್ಕೆ 1359ರಲ್ಲಿ ಕೇಶವವರ್ಣಿಯು ಕನ್ನಡ ವೃತ್ತಿಯನ್ನು ರಚಿಸಿದುದರಿಂದ ಈ ಗಣಿತವು ಕನ್ನಡ ಓದುಗರಿಗೆ ಆರುನೂರು ವರ್ಷಗಳಿಗೂ ಹಿಂದೆಯೇ ದೊರಕಿತ್ತು. ಸಂಸ್ಕೃತ ಟೀಕೆ ಬಂದುದು ಆ ಕನ್ನಡ ವೃತ್ತಿಯನ್ನು ಅನುಸರಿಸಿ ಎಂಬುದನ್ನು ಕನ್ನಡಿಗರು ಮರೆಯುವುದುಂಟು.

ಗೊಮ್ಮಟಸಾರವು ಸಂಖ್ಯೆಯನ್ನು ಹೇಳುವುದಕ್ಕೆ ಮುಂಚೆ ಅದನ್ನು ಪಡೆಯುವ ವಿಧಾನವನ್ನು ಹೇಳುತ್ತದೆ. ಮೂಲಾಕ್ಷರಗಳು ಅರವತ್ತನಾಲ್ಕು: ಒಂಬತ್ತು ಸ್ವರಗಳು ಹ್ರಸ್ವ, ದೀರ್ಘ, ಪ್ಲುತ ಭೇದದಿಂದ ಇಪ್ಪತ್ತೇಳು, ವ್ಯಂಜನಗಳು ಮೂವತ್ತಮೂರು, ಅನುಸ್ವಾರ, ವಿಸರ್ಗ, ಜಿಹ್ವಾಮೂಲೀಯ, ಉಪಧ್ಮಾನೀಯ ಎಂಬ ಯೋಗವಾಹಗಳು ನಾಲ್ಕು. ಅರವತ್ತನಾಲ್ಕು ಸ್ಥಾನಗಳನ್ನು ಬಿಡಿಬಿಡಿಯಾಗಿ ಹರಡಿ, ಒಂದೊಂದರ ಮೇಲೂ ಎರಡನ್ನು ಇಟ್ಟು, ಆ ಎರಡುಗಳನ್ನೆಲ್ಲ ಪರಸ್ಪರ ಗುಣಿಸಿ, ಬಂದ ಲಬ್ಧದಿಂದ ಒಂದನ್ನು ಕಳೆಯಬೇಕು. ಉಳಿದುದು ಅಸಂಯೋಗಿ ಮತ್ತು ಸಂಯೋಗಿ ಅಕ್ಷರಗಳ ಒಟ್ಟು ಸಂಖ್ಯೆ.

ಅರವತ್ತನಾಲ್ಕರ ಬದಲು ಮೂರೇ ಅಕ್ಷರಗಳನ್ನು ತೆಗೆದುಕೊಂಡರೆ ಮಕ್ಕಳಿಗೂ ತಿಳಿಯುತ್ತದೆ. ಅ, ಕ, ಮ ಎಂಬ ಮೂರು ಇವೆ ಎಂದು ಭಾವಿಸಬೇಕು. ಒಂಟಿಯಾಗಿ ಮೂರು, ಎರಡೆರಡು ಸೇರಿ ಅಕ, ಅಮ, ಕಮ ಎಂದು ಮೂರು, ಮೂರೂ ಸೇರಿ ಒಂದು, ಒಟ್ಟು ಏಳು. ಇಲ್ಲಿ ಹಿಂದುಮುಂದಿನ ಕ್ರಮವನ್ನು ಗಣಿಸುವುದಿಲ್ಲ, ಯಾವ ಅಕ್ಷರ ಕೂಡಿತು ಎಂಬುದಷ್ಟೇ ಮುಖ್ಯ. ಎರಡನ್ನು ಮೂರು ಬಾರಿ ಗುಣಿಸಿದರೆ ಎಂಟು. ಒಂದನ್ನು ಕಳೆದರೆ ಏಳು. ನಾಲ್ಕು ಅಕ್ಷರಗಳಿದ್ದರೆ ಹದಿನೈದು, ಐದಿದ್ದರೆ ಮೂವತ್ತೊಂದು. ಪ್ರತಿಯೊಂದು ಹೊಸ ಅಕ್ಷರವೂ ಹಿಂದಿನ ಮೊತ್ತವನ್ನು ಇಮ್ಮಡಿ ಮಾಡಿ ತನ್ನದೊಂದನ್ನು ಸೇರಿಸುತ್ತದೆ. ಹೀಗೆ ಅರವತ್ತನಾಲ್ಕರವರೆಗೆ ನಡೆದರೆ ಮೇಲಿನ ಇಪ್ಪತ್ತಂಕಿಯ ರಾಶಿ ಬರುತ್ತದೆ. ಕಾಗದ, ಲೇಖನಿ ಮತ್ತು ಒಂದು ಬಿಡುವಿನ ಸಂಜೆಯಿದ್ದರೆ ಯಾರು ಬೇಕಾದರೂ ಮಾಡಿ ನೋಡಬಹುದು.

ಮೊದಲಿನ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿಯೇ ದೊರೆಯುತ್ತದೆ. ಎಣಿಸದೆ ಅರಿಯುವುದು ಅಸತ್ಯವಲ್ಲ. ಎಣಿಕೆ ಬೇರೆ, ಗಣನೆ ಬೇರೆ. ಹೊಲದ ಉದ್ದ ಅಗಲಗಳನ್ನು ಅಳೆದು ವಿಸ್ತೀರ್ಣವನ್ನು ಹೇಳುವವನು ಹೊಲದ ಪ್ರತಿಯೊಂದು ಅಂಗುಲವನ್ನೂ ಮುಟ್ಟಿ ಬಂದಿರುವುದಿಲ್ಲ. ಆದರೂ ಅವನ ಮಾತು ನಿಜ. ಹೇಗೆ ಬಂತೆಂದು ತೋರಿಸಬಲ್ಲವನಿಗೆ ಸಂಖ್ಯೆಯನ್ನು ನುಡಿಯುವ ಅಧಿಕಾರವಿದೆ.

ಎಣಿಸುವುದು ಅಸಾಧ್ಯ ಎಂಬ ಮಾತನ್ನೂ ಸುಮ್ಮನೆ ಹೇಳಿಬಿಡಬಾರದು. ಅದಕ್ಕೂ ಲೆಕ್ಕ ಬೇಕು. ಕ್ಷಣಕ್ಕೊಂದರಂತೆ, ಅಂದರೆ ಸೆಕೆಂಡಿಗೆ ಒಂದರಂತೆ, ನಿದ್ರೆ ಆಹಾರಗಳಿಲ್ಲದೆ ಎಣಿಸಿದರೆ ಸುಮಾರು 58,450 ಕೋಟಿ ವರ್ಷ ಹಿಡಿಯುತ್ತದೆ. ಹತ್ತು ಲಕ್ಷ ಜನ ಕೆಲಸವನ್ನು ಹಂಚಿಕೊಂಡು ಎಣಿಸಿದರೂ ಐದು ಲಕ್ಷ ಎಂಬತ್ತನಾಲ್ಕು ಸಾವಿರ ವರ್ಷಗಳಿಗೆ ಕಡಿಮೆಯಿಲ್ಲ. ಒಂದೊಂದು ಅಕ್ಷರಕ್ಕೆ ಒಂದೊಂದು ರಾಗಿಕಾಳನ್ನು ಇಟ್ಟರೆ ಏನಾಗುತ್ತದೆಂದು ನೋಡಬಹುದು. ಸಾವಿರ ಕಾಳಿಗೆ ಎರಡೂವರೆ ಗ್ರಾಂ, ಒಂದು ಲೀಟರಿಗೆ 750 ಗ್ರಾಂ ಎಂದು ಹಿಡಿದರೆ ಲೀಟರಿಗೆ ಮೂರು ಲಕ್ಷ ಕಾಳು. ಶಿರಾ, ಪಾವಗಡ, ಮಧುಗಿರಿ, ಕೊರಟಗೆರೆ ನಾಲ್ಕೂ ತಾಲ್ಲೂಕುಗಳ ವಿಸ್ತೀರ್ಣ ಒಟ್ಟು ಸುಮಾರು 4,675 ಚದರ ಕಿಲೋಮೀಟರು. ಅಷ್ಟೂ ನೆಲದ ಮೇಲೆ, ಕೆರೆ, ಹೊಲ, ಊರು, ರಸ್ತೆ ಎನ್ನದೆ ಆ ರಾಗಿಯನ್ನು ಸಮನಾಗಿ ಹರಡಿದರೆ ಹದಿಮೂರು ಮೀಟರು, ನಲವತ್ತು ಅಡಿಗೂ ಮಿಕ್ಕು, ದಪ್ಪವಾಗಿ ನಿಲ್ಲುತ್ತದೆ. ಮಧುಗಿರಿಯ ಏಕಶಿಲಾ ಬೆಟ್ಟವೂ ನಿಡುಗಲ್ಲೂ ಮೇಲೆ ಕಾಣುತ್ತವೆ, ಮನೆಗಳು ಕಾಣುವುದಿಲ್ಲ. ಬರಗಾಲವನ್ನು ಬಲ್ಲ ಈ ಸೀಮೆಗೆ ಅಷ್ಟು ರಾಗಿಯ ಕಲ್ಪನೆಯೇ ಒಂದು ವಿನೋದ.

ಇಷ್ಟಾದರೂ ಇದು ‘ಸಂಖ್ಯಾತ’ ರಾಶಿಯೇ ಹೊರತು ಅಸಂಖ್ಯಾತವಲ್ಲ, ಅನಂತವಂತೂ ಅಲ್ಲವೇ ಅಲ್ಲ. ‘ಲೆಕ್ಕವಿಲ್ಲದಷ್ಟು’ ಎಂಬ ಮಾತನ್ನು ಜನ ಹತ್ತಾರು ವಸ್ತುಗಳಿಗೂ ಬಳಸುತ್ತಾರೆ. ನಾಲ್ಕು ತಾಲ್ಲೂಕುಗಳನ್ನು ಮುಚ್ಚುವ ರಾಗಿಗೂ ಲೆಕ್ಕವಿದೆ ಎಂದ ಮೇಲೆ ಆ ಮಾತನ್ನು ಹಗುರವಾಗಿ ಆಡುವುದರ ಬಗ್ಗೆ ಸತ್ಯವ್ರತಿಯು ಸ್ವಲ್ಪ ಯೋಚಿಸಬೇಕಾಗುತ್ತದೆ.

ಈಗ ಕಳೆದ ಆ ‘ಒಂದ’ರ ವಿಚಾರ. ಮೂರು ಅಕ್ಷರಗಳ ದೃಷ್ಟಾಂತದಲ್ಲಿ ಎಂಟರಿಂದ ಒಂದನ್ನು ಏಕೆ ಕಳೆಯಲಾಯಿತು? ಪ್ರತಿಯೊಂದು ಅಕ್ಷರಕ್ಕೂ ಎರಡು ಗತಿ: ಕೂಡುವುದು, ಕೂಡದಿರುವುದು. ಮೂರೂ ಅಕ್ಷರಗಳು ಕೂಡದಿರುವ ಒಂದು ಸಂದರ್ಭವೂ ಆ ಎಂಟರಲ್ಲಿ ಸೇರಿಕೊಂಡಿರುತ್ತದೆ. ಅಲ್ಲಿ ಯಾವ ಅಕ್ಷರವೂ ಇಲ್ಲ. ಬಾಯಿ ತೆರೆಯುವುದೇ ಇಲ್ಲ. ಅದು ಮೌನ. ಅಕ್ಷರಗಳನ್ನು ಲೆಕ್ಕ ಹಾಕುವಾಗ ಮೌನವನ್ನು ಅಕ್ಷರವೆಂದು ಸೇರಿಸುವುದು ತಪ್ಪಾದುದರಿಂದ ಒಂದನ್ನು ಕಳೆಯಬೇಕಾಯಿತು. ಒಂದು ಕೋಟಿ ಕೋಟಿಗೂ ಎಷ್ಟೋ ಪಾಲು ಮೇಲಿನ ರಾಶಿಯಲ್ಲಿ ಒಂದು ಹೆಚ್ಚಾದರೇನು ಕಡಿಮೆಯಾದರೇನು ಎಂದು ಅವರು ಬಿಡಲಿಲ್ಲ. ವ್ರತದ ದಿನ ಮೌನವನ್ನು ಹಿಡಿಯುವವರು ಈ ಸಂಗತಿಯನ್ನು ಗಮನಿಸಬಹುದು: ನುಡಿಗಳೆಲ್ಲ ಒಂದು ಕಡೆ, ಮೌನ ಒಂದೇ ಇನ್ನೊಂದು ಕಡೆ, ಎರಡೂ ಸೇರಿದಾಗ ಮಾತ್ರ ಪೂರ್ಣ ವರ್ಗರಾಶಿ ಆಗುತ್ತದೆ. ಅದರಿಂದ ಅಧ್ಯಾತ್ಮವನ್ನು ಹಿಂಡಿ ತೆಗೆಯುವ ಅಗತ್ಯವಿಲ್ಲ; ಗಣಿತವಾಗಿಯೇ ಅದು ಸೊಗಸಾಗಿದೆ.

ಆಮೇಲಿನ ಹೆಜ್ಜೆ ಭಾಗಾಕಾರ. ಒಂದು ಮಧ್ಯಮಪದದಲ್ಲಿ 1634 ಕೋಟಿ 83 ಲಕ್ಷ 7 ಸಾವಿರದ 888 ಅಕ್ಷರಗಳೆಂದು ಆಗಮದ ಪರಿಭಾಷೆ. ಒಟ್ಟು ಅಕ್ಷರಗಳನ್ನು ಇದರಿಂದ ಭಾಗಿಸಿದರೆ 112 ಕೋಟಿ 83 ಲಕ್ಷ 58 ಸಾವಿರದ 5 ಎಂಬ ಲಬ್ಧ ಬರುತ್ತದೆ. ಶ್ರುತಭಕ್ತಿಯ ‘ಐದು’ ಬಂದುದು ಹೀಗೆ. ಆದರೆ ಭಾಗಾಕಾರ ನಿಶ್ಶೇಷವಾಗುವುದಿಲ್ಲ. 8 ಕೋಟಿ 1 ಲಕ್ಷ 8 ಸಾವಿರದ 175 ಅಕ್ಷರಗಳು ಉಳಿಯುತ್ತವೆ. ಅವು ಒಂದು ಪದಕ್ಕೆ ಸಾಲವು. ಒಂದು ಪದದ ಇನ್ನೂರನೆಯ ಒಂದು ಭಾಗದಷ್ಟೂ ಇಲ್ಲ. ಬೇರೆ ಯಾರಾದರೂ ಆಗಿದ್ದರೆ ‘ಸುಮಾರು’ ಎಂಬ ಪದದಿಂದ ಅವನ್ನು ಒರೆಸಿಹಾಕುತ್ತಿದ್ದರು. ಆಚಾರ್ಯರು ಅವನ್ನು ಅಂಗಬಾಹ್ಯ ಶ್ರುತಕ್ಕೆ, ಅಂದರೆ ಸಾಮಾಯಿಕವೇ ಮೊದಲಾದ ಪ್ರಕೀರ್ಣಕಗಳಿಗೆ, ಸಲ್ಲಿಸಿದರು. ಉಳಿದುದಕ್ಕೆ ಹೆಸರು, ಸ್ಥಾನ, ಸಂಖ್ಯೆ ಮೂರೂ ದೊರೆತವು.

ಲೆಕ್ಕ ಸರಿಯಿದೆಯೆ ಎಂದು ತಾಳೆ ನೋಡಲು ದೊಡ್ಡ ಗುಣಾಕಾರವನ್ನೇ ಮಾಡಬೇಕಿಲ್ಲ. ಹಿಂದಿನ ಅಂಗಡಿಗಳಲ್ಲಿ ರೂಢಿಯಲ್ಲಿದ್ದ ಒಂಬತ್ತರ ತಾಳೆ ಸಾಕು. ಮಧ್ಯಮಪದದ ಅಕ್ಷರಸಂಖ್ಯೆಯ ಅಂಕಗಳನ್ನು ಕೂಡಿದರೆ 56. ಒಂಬತ್ತನ್ನು ಕಳೆಯುತ್ತಾ ಹೋದರೆ ಉಳಿಯುವುದು 2. ಪದಸಂಖ್ಯೆಯ ಅಂಕಗಳ ಮೊತ್ತ 33, ಉಳಿಯುವುದು 6. ಎರಡಾರಲಿ ಹನ್ನೆರಡು; ಉಳಿಯುವುದು 3. ಶೇಷದ ಅಂಕಗಳ ಮೊತ್ತ 30, ಉಳಿಯುವುದು 3. ಮೂರೂ ಮೂರೂ ಆರು. ಇತ್ತ ಇಪ್ಪತ್ತಂಕಿಯ ರಾಶಿಯ ಅಂಕಗಳ ಮೊತ್ತ 87. ಒಂಬತ್ತನ್ನು ಕಳೆದರೆ ಅದೂ 6. ಎರಡೂ ಕಡೆ ಕೂಡಿತು. ಪೂರ್ತಿ ಗುಣಿಸಿ ಕೂಡಿದರೂ ಒಂದಂಕವೂ ತಪ್ಪದೆ ಅದೇ ರಾಶಿ ಬರುತ್ತದೆ. ಅಂಕಗಳು ಹಿಂದುಮುಂದಾಗಿದ್ದರೆ, ಅಥವಾ ಒಂಬತ್ತರ ಜಾಗದಲ್ಲಿ ಸೊನ್ನೆ ಬಿದ್ದಿದ್ದರೆ, ಈ ತಾಳೆಗೆ ಗೊತ್ತಾಗುವುದಿಲ್ಲ. ಉಳಿದ ಯಾವುದೇ ಒಂದಂಕದ ತಪ್ಪನ್ನು ಇದು ಹಿಡಿದುಕೊಡುತ್ತದೆ. ಓಲೆಯಿಂದ ಓಲೆಗೆ, ಪುಸ್ತಕದಿಂದ ಪುಸ್ತಕಕ್ಕೆ ನಕಲಾಗುತ್ತಾ ಬಂದ ಸಂಖ್ಯೆಗಳನ್ನು ಅಚ್ಚು ಹಾಕಿಸುವವರು ಈ ಎರಡು ನಿಮಿಷದ ಶ್ರಮವನ್ನಾದರೂ ವಹಿಸುವುದು ಉಚಿತ.

ತತ್ತ್ವಾರ್ಥಸೂತ್ರವು ಸತ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ: ಮಿಥ್ಯೋಪದೇಶ, ರಹೋಭ್ಯಾಖ್ಯಾನ, ಕೂಟಲೇಖಕ್ರಿಯೆ, ನ್ಯಾಸಾಪಹಾರ, ಸಾಕಾರಮಂತ್ರಭೇದ. ಇವುಗಳಲ್ಲಿ ನ್ಯಾಸಾಪಹಾರವು ನೇರವಾಗಿ ಸಂಖ್ಯೆಗೆ ಸಂಬಂಧಿಸಿದ್ದು. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಅದನ್ನು ವಿವರಿಸಿರುವ ಬಗೆ ಬಹಳ ಸೂಕ್ಷ್ಮವಾಗಿದೆ. ಒಬ್ಬನು ಒತ್ತೆಯಿಟ್ಟ ದ್ರವ್ಯದ ಸಂಖ್ಯೆಯನ್ನು ಮರೆತು ತಾನೇ ಕಡಿಮೆ ಸಂಖ್ಯೆಯನ್ನು ಹೇಳಿ ಕೇಳಿದಾಗ, ಇಟ್ಟುಕೊಂಡವನು ‘ಹಾಗೆಯೇ ಆಗಲಿ’ ಎಂದು ಒಪ್ಪಿ ಕೊಡುವುದು ನ್ಯಾಸಾಪಹಾರ. ಇಲ್ಲಿ ಅವನು ಸುಳ್ಳನ್ನು ಹುಟ್ಟಿಸಲಿಲ್ಲ. ಇನ್ನೊಬ್ಬನ ಮರೆವಿಗೆ ತಲೆಯಾಡಿಸಿದನು, ಅಷ್ಟೆ. ಆದರೂ ವ್ರತಕ್ಕೆ ಕಲೆ ಹತ್ತಿತು.

ಪಾವಗಡದ ಕಡೆಯ ರೈತನೊಬ್ಬನು ಮಧುಗಿರಿಯ ವರ್ತಕನ ಉಗ್ರಾಣದಲ್ಲಿ ಅರವತ್ತನಾಲ್ಕು ಮೂಟೆ ಕಡಲೆಕಾಯಿಯನ್ನು ಇಟ್ಟು, ಬೆಲೆ ಏರಿದ ಮೇಲೆ ಬಂದು, ‘ಸಾವುಕಾರ್ರೆ, ನನ್ನ ಅರವತ್ಮೂರು ಮೂಟೆ ಕೊಡಿ’ ಎಂದು ಕೇಳಿದನೆಂದು ಭಾವಿಸಬಹುದು. ವರ್ತಕನು ‘ಆಯಿತು’ ಎಂದರೆ ಅವನೂ ಅರವತ್ತನಾಲ್ಕರಿಂದ ಒಂದನ್ನು ಕಳೆದಂತಾಯಿತು. ಆಚಾರ್ಯರೂ ಒಂದನ್ನು ಕಳೆದರು, ವರ್ತಕನೂ ಒಂದನ್ನು ಕಳೆದನು. ಗಣಿತದ ಕ್ರಿಯೆ ಒಂದೇ. ಆಚಾರ್ಯರು ಕಳೆದುದನ್ನು ಬಾಯಿಬಿಟ್ಟು ಹೇಳಿದರು, ಏಕೆ ಕಳೆದರೆಂಬುದನ್ನು ಯಾರು ಕೇಳಿದರೂ ತೋರಿಸಬಹುದು. ವರ್ತಕನು ಕಳೆದ ಒಂದಕ್ಕೆ ಇರುವ ಕಾರಣವನ್ನು ರೈತನ ಎದುರಿಗೆ ಹೇಳಲಾಗುವುದಿಲ್ಲ. ಹೇಳಿದ ಕ್ಷಣವೇ ಮೂಟೆಯನ್ನು ಹಿಂದಿರುಗಿಸಬೇಕಾಗುತ್ತದೆ. ಸಂಖ್ಯೆ ದೊಡ್ಡದಾಗಿರಲಿ ಚಿಕ್ಕದಾಗಿರಲಿ, ಸತ್ಯ ಪರೀಕ್ಷೆಗೆ ನಿಲ್ಲುವುದು ಈ ಒಂದರ ಬಳಿಯಲ್ಲಿ.

ರಾಶಿಯ ಸ್ವರೂಪವನ್ನು ಇನ್ನೂ ಒಂದು ದಿಕ್ಕಿನಿಂದ ನೋಡಬೇಕಾಗಿದೆ. ಎರಡರಿಂದ ಹೊರಟು ವರ್ಗದ ಮೇಲೆ ವರ್ಗ ಮಾಡುತ್ತಾ ಹೋಗುವುದಕ್ಕೆ ದ್ವಿರೂಪವರ್ಗಧಾರೆ ಎಂದು ಹೆಸರು. ನೇಮಿಚಂದ್ರರ ತ್ರಿಲೋಕಸಾರದಲ್ಲಿ ಹೇಳಿದ ಹದಿನಾಲ್ಕು ಧಾರೆಗಳಲ್ಲಿ ಇದೂ ಒಂದು. 2, 4, 16, 256, 65536, 4294967296, ಅನಂತರ ಇಪ್ಪತ್ತಂಕಿಯ ರಾಶಿ. 65536ಕ್ಕೆ ‘ಪಣ್ಣಟ್ಠಿ’, ಮುಂದಿನದಕ್ಕೆ ‘ಬಾದಾಲ’, ಅದರ ವರ್ಗಕ್ಕೆ ‘ಏಕಟ್ಠಿ’ ಎಂದು ಪ್ರಾಕೃತದಲ್ಲಿ ಹೆಸರುಗಳು. ಅರವತ್ತೈದು, ನಲವತ್ತೆರಡು, ಒಂದು–ಎಂಟು ಎಂದು ಸಂಖ್ಯೆಯ ಮೊದಲ ಅಂಕಗಳಿಂದಲೇ ಕರೆದಿರುವುದು, ಮನೆಯಲ್ಲಿ ಮಕ್ಕಳಿಗೆ ಮೊಟಕು ಹೆಸರಿಡುವಂತೆ, ಆ ಗಣಿತಜ್ಞರಿಗೆ ಈ ರಾಶಿಗಳು ಎಷ್ಟು ಬಳಕೆಯಾಗಿದ್ದುವೆಂಬುದನ್ನು ತೋರಿಸುತ್ತದೆ. ಶ್ರುತಾಕ್ಷರಗಳ ಸಂಖ್ಯೆ ಏಕಟ್ಠಿಗೆ ಒಂದು ಕಡಿಮೆ.

ಈ ಧಾರೆಯ ಪ್ರತಿಯೊಂದು ರಾಶಿಗೂ ಒಂದನ್ನು ಕೂಡಿಸಿ ಗುಣಿಸುತ್ತಾ ಹೋದರೆ ಆಶ್ಚರ್ಯವೊಂದು ಕಾಣುತ್ತದೆ. ಮೂರೈದಲಿ 15; ಅದನ್ನು 17ರಿಂದ ಗುಣಿಸಿದರೆ 255; 257ರಿಂದ ಗುಣಿಸಿದರೆ 65535; 65537ರಿಂದ ಗುಣಿಸಿದರೆ 4294967295; ಅದನ್ನು ಬಾದಾಲಕ್ಕೆ ಒಂದು ಕೂಡಿಸಿದ 4294967297ರಿಂದ ಗುಣಿಸಿದರೆ ಶ್ರುತಾಕ್ಷರ ಸಂಖ್ಯೆ! ಯಾವುದೇ ರಾಶಿಗೆ ಒಂದು ಕಡಿಮೆಯಾದುದನ್ನೂ ಒಂದು ಹೆಚ್ಚಾದುದನ್ನೂ ಗುಣಿಸಿದರೆ ಆ ರಾಶಿಯ ವರ್ಗಕ್ಕೆ ಒಂದು ಕಡಿಮೆಯಾದುದೇ ಬರುತ್ತದೆಂಬ ಶಾಲಾಪಾಠವೇ ಇದಕ್ಕೆ ಕಾರಣ.

ಇಲ್ಲಿಂದ ಕಥೆ ಫ್ರಾನ್ಸ್ ದೇಶಕ್ಕೆ ಹೋಗುತ್ತದೆ. ಮೇಲಿನ ಗುಣಕಗಳಲ್ಲಿ 3, 5, 17, 257, 65537 ಐದೂ ಅವಿಭಾಜ್ಯ ಸಂಖ್ಯೆಗಳು. ಒಂದನ್ನೂ ತನ್ನನ್ನೂ ಬಿಟ್ಟು ಬೇರಾವುದರಿಂದಲೂ ಅವು ಭಾಗವಾಗವು. ಹದಿನೇಳನೆಯ ಶತಮಾನದ ಮಹಾಗಣಿತಜ್ಞನಾದ ಫರ್ಮಾ ಇವನ್ನು ಕಂಡು, ಈ ಮಾದರಿಯ ಎಲ್ಲ ಸಂಖ್ಯೆಗಳೂ ಅವಿಭಾಜ್ಯಗಳೇ ಎಂದು 1640ರಲ್ಲಿ ನಂಬಿದನು. ಸಿದ್ಧಪಡಿಸಲು ಅವನಿಂದ ಆಗಲಿಲ್ಲ. ಆರನೆಯದಾದ 4294967297ನ್ನು ಆಯ್ಲರ್ 1732ರಲ್ಲಿ ಒಡೆದು ತೋರಿಸಿದನು: ಅದು 641 ಮತ್ತು 6700417ರ ಗುಣಲಬ್ಧ. ಅವನು ಕುರುಡಾಗಿ ಹುಡುಕಲಿಲ್ಲ. ಅಂಥ ಭಾಜಕವಿದ್ದರೆ ಅದು 64ರ ಯಾವುದಾದರೊಂದು ಮಡಿಗೆ ಒಂದನ್ನು ಕೂಡಿಸಿದ್ದೇ ಆಗಿರಬೇಕೆಂದು ತೋರಿಸಿದವನೂ ಅವನೇ. ಅರವತ್ತನಾಲ್ಕರ ಹತ್ತು ಮಡಿ 640, ಒಂದನ್ನು ಕೂಡಿಸಿದರೆ 641. ಹೀಗೆ ಶ್ರುತಾಕ್ಷರ ಸಂಖ್ಯೆಗೆ 3, 5, 17, 257, 641, 65537, 6700417 ಎಂಬ ಏಳು ಅವಿಭಾಜ್ಯ ಗುಣಕಗಳು. ಅವುಗಳ ಸಂಯೋಗದಿಂದ ಒಟ್ಟು 128 ಭಾಜಕಗಳು.

ಫರ್ಮಾನನ್ನು ಸುಳ್ಳುಗಾರನೆನ್ನಲಾಗದು. ಐದು ಬಾರಿ ಕಂಡುದು ಆರನೆಯ ಬಾರಿಯೂ ಹಾಗೆಯೇ ಇರುವುದೆಂದು ನಂಬಿದನು. ಜೈನ ನ್ಯಾಯಶಾಸ್ತ್ರದಲ್ಲಿ ವ್ಯಾಪ್ತಿ ಸಿದ್ಧವಾಗದೆ ಅನುಮಾನವಿಲ್ಲ. ಎಷ್ಟು ದೃಷ್ಟಾಂತಗಳನ್ನು ಕೊಟ್ಟರೂ ಅವಿನಾಭಾವ ಸಂಬಂಧ ಅದರಿಂದಲೇ ಸ್ಥಾಪಿತವಾಗದು. ‘ನಂಬಿದ್ದೇನೆ’ ಎಂಬುದಕ್ಕೂ ‘ತಿಳಿದಿದ್ದೇನೆ’ ಎಂಬುದಕ್ಕೂ ನಡುವೆ ಇರುವ ಅಂತರವು ಇಲ್ಲಿ ಸ್ಪಷ್ಟವಾಗಿ 641 ಎಂಬ ಅಂಕಿಯಾಗಿ ನಿಂತಿದೆ.

ಈ ಅಂತರವನ್ನು ಮರೆಯುವ ಅಪಾಯ ಭಕ್ತರಿಗೂ ಇದೆ. ಅರವತ್ತನಾಲ್ಕು ಬಿಟ್ಟುಗಳ ಗಣಕಯಂತ್ರವು ಒಂದು ಸ್ಥಾನದಲ್ಲಿ ಇಡಬಲ್ಲ ಅತ್ಯಂತ ದೊಡ್ಡ ಧನಸಂಖ್ಯೆ ಇದೇ ರಾಶಿ. ಅಲ್ಲಿಯೂ ಅರವತ್ತನಾಲ್ಕು ಸ್ಥಾನ, ಪ್ರತಿ ಸ್ಥಾನಕ್ಕೆ ಎರಡು ಗತಿ, ಆದುದರಿಂದ ಹೀಗಾಗಿದೆ. ಇಷ್ಟನ್ನೇ ಹಿಡಿದು, ಗಣಕಯಂತ್ರದ ವಿದ್ಯೆ ಗೊಮ್ಮಟಸಾರದಲ್ಲಿಯೇ ಇತ್ತು ಎಂದು ವೇದಿಕೆಗಳಲ್ಲಿ ಸಾರುವ ಉತ್ಸಾಹಿಗಳಿದ್ದಾರೆ. ಅದು ಸತ್ಯವಲ್ಲ. ಚದುರಂಗದ ಅರವತ್ತನಾಲ್ಕು ಮನೆಗಳಲ್ಲಿ ಕಾಳುಗಳನ್ನು ಇಮ್ಮಡಿಸುವ ಕಥೆಯಲ್ಲಿಯೂ ಇದೇ ಸಂಖ್ಯೆ, ಕ್ರಿ.ಶ. 1000ರ ಸುಮಾರಿನ ತನ್ನ ಕಾಲಗಣನಾ ಗ್ರಂಥದಲ್ಲಿ ಅಲ್ ಬಿರೂನಿ ಅದನ್ನು ಕೊಟ್ಟಿದ್ದಾನೆ. 1883ರಲ್ಲಿ ಫ್ರಾನ್ಸಿನ ಲೂಕಾಸ್ ರಚಿಸಿದ ಹನೋಯಿ ಗೋಪುರದ ಆಟದಲ್ಲಿ ಅರವತ್ತನಾಲ್ಕು ಬಿಲ್ಲೆಗಳನ್ನು ಸಾಗಿಸಲು ಬೇಕಾದ ನಡೆಗಳೂ ಇಷ್ಟೇ. ಒಂದೇ ಬೆಟ್ಟಕ್ಕೆ ಹಲವು ಕಡೆಯಿಂದ ಹತ್ತಿದವರು ಶಿಖರದಲ್ಲಿ ಸೇರಿದರೆ, ಒಬ್ಬರು ಇನ್ನೊಬ್ಬರ ಹಾದಿಯನ್ನು ಕದ್ದರೆಂದೂ ಅಲ್ಲ, ಕಂಡಿದ್ದರೆಂದೂ ಅಲ್ಲ. ಗೊಮ್ಮಟಸಾರದಲ್ಲಿ ಏನಿದೆಯೋ ಅದೇ ಸಾಕಷ್ಟು ದೊಡ್ಡದು. ಇಲ್ಲದುದನ್ನು ಅದಕ್ಕೆ ಕೂಡಿಸುವುದು ಮಿಥ್ಯೋಪದೇಶಕ್ಕೆ ಸಮೀಪವಾದುದು.

ಇನ್ನೊಂದು ಆಕ್ಷೇಪವನ್ನು ಕಡೆಗಣಿಸುವಂತಿಲ್ಲ. ದಿಗಂಬರ ಪರಂಪರೆಯಂತೆ ದ್ವಾದಶಾಂಗಗಳ ಬಹುಭಾಗ ವಿಚ್ಛಿನ್ನವಾಗಿದೆ. ಧರಸೇನಾಚಾರ್ಯರಿಂದ ಪಡೆದುದನ್ನು ಪುಷ್ಪದಂತ, ಭೂತಬಲಿಗಳು ಷಟ್ಖಂಡಾಗಮವಾಗಿ ಬರೆದು ಮುಗಿಸಿದ ದಿನವೇ ಶ್ರುತಪಂಚಮಿ. ಕಳೆದುಹೋದ ಗ್ರಂಥದ ಪದಗಳನ್ನು ಬಿಡಿಯವರೆಗೆ ಹೇಳುವುದರಿಂದ ಏನು ಪ್ರಯೋಜನ ಎಂದು ಕೇಳುವವರಿದ್ದಾರೆ. ಆದರೆ ಒತ್ತೆಯಿಟ್ಟುದು ಎಷ್ಟೆಂದು ನೆನಪಿದ್ದರೆ ತಾನೆ ಉಳಿದುದು ಎಷ್ಟೆಂದು ತಿಳಿಯುವುದು? ಮೂಡಬಿದರೆಯ ಓಲೆಗಳಲ್ಲಿ ಉಳಿದು ಬಂದ ಧವಲಾದಿಗಳನ್ನು ಕಣ್ಣಿಗೊತ್ತಿಕೊಳ್ಳುವ ಶ್ರಾವಕನು, ಕೈಯಲ್ಲಿರುವುದೇ ಎಲ್ಲ ಎಂದು ಹೇಳದಂತೆ ಆ ಸಂಖ್ಯೆ ತಡೆಯುತ್ತದೆ. ಅದು ವೈಭವದ ಘೋಷಣೆ ಎನ್ನುವುದಕ್ಕಿಂತ ನಷ್ಟದ ಲೆಕ್ಕಪತ್ರ.

ಉಪವಾಸಗಳ ಲೆಕ್ಕದಲ್ಲಿ ಈ ವಿಚಾರ ಮನೆಯ ಬಾಗಿಲಿಗೆ ಬರುತ್ತದೆ. ಭಾದ್ರಪದದ ದಶಲಕ್ಷಣ ಪರ್ವದಲ್ಲಿ ಹತ್ತು ದಿನವೂ ಉಪವಾಸ ಮಾಡಿದವರ ಪಟ್ಟಿಯನ್ನು ಓದಿ, ಹಾರ ಹಾಕಿ ಗೌರವಿಸುವ ಪದ್ಧತಿ ಅನೇಕ ಕಡೆ ಇದೆ. ಕೊರಟಗೆರೆಯ ಕಡೆಯ ಗೃಹಿಣಿಯೊಬ್ಬಳು ಹತ್ತು ದಿನದ ಸಂಕಲ್ಪ ಮಾಡಿ, ಏಳನೆಯ ದಿನ ಜ್ವರ ಏರಿ, ವೈದ್ಯರು ಹೇಳಿದಂತೆ ಒಂದು ಲೋಟ ಗಂಜಿ ಕುಡಿದು, ಎಂಟನೆಯ ದಿನದಿಂದ ಮತ್ತೆ ಉಪವಾಸ ಮುಂದುವರಿಸಿದಳೆಂದು ಭಾವಿಸಬಹುದು. ಪಟ್ಟಿ ಬರೆದುಕೊಳ್ಳುವವರು ಮನೆಗೆ ಬರುತ್ತಾರೆ. ಸೊಸೆ ಮೆಲ್ಲನೆ, ‘ಅತ್ತೆ, ಹತ್ತು ಅಂತಲೇ ಬರೆಸಿಬಿಡಿ. ಒಂದೇ ಒಂದು ದಿನ ತಾನೆ, ಅದೂ ಔಷಧಿಯ ಹಾಗೆ ತಗೊಂಡಿದ್ದು’ ಎನ್ನುತ್ತಾಳೆ. ಸೊಸೆಯ ಮಾತಿನಲ್ಲಿ ಪ್ರೀತಿಯಿದೆ. ಲೋಕವೂ ಅದನ್ನು ತಪ್ಪೆನ್ನದು. ಇನ್ನೊಂದು ಅತಿರೇಕವೂ ಉಂಟು: ಒಂದು ದಿನ ಭಂಗವಾಯಿತೆಂದು ಖೇದಪಟ್ಟು, ‘ನನ್ನದು ಏನೂ ಇಲ್ಲ, ಬರೆಯಬೇಡಿ’ ಎಂದು ಒಂಬತ್ತನ್ನೂ ಅಳಿಸಿಬಿಡುವುದು. ಅದು ವಿನಯದಂತೆ ಕಂಡರೂ ಲೆಕ್ಕವಾಗಿ ತಪ್ಪು. ಒಂದನ್ನು ಕಳೆಯಬೇಕಾದಲ್ಲಿ ಹತ್ತನ್ನು ಕಳೆದಂತೆ.

ಅವಳು ಬರೆಸಬೇಕಾದುದು ಒಂಬತ್ತು. ಜೊತೆಗೆ, ಏಳನೆಯ ದಿನ ಜ್ವರದ ನಿಮಿತ್ತ ಗಂಜಿ ಎಂಬ ಒಂದು ಸಾಲು. ಪಟ್ಟಿಯಲ್ಲಿ ಅಂಥದಕ್ಕೆ ಕಲಂ ಇರುವುದಿಲ್ಲ. ಬರೆದುಕೊಳ್ಳುವವರು ತುಸು ಗೊಣಗಿಕೊಂಡಾದರೂ ಅದನ್ನು ಅಂಚಿನಲ್ಲಿ ಬರೆದುಕೊಳ್ಳಬೇಕಾಗುತ್ತದೆ.